ವಸ್ತುಸಂಗ್ರಹಾಲಯದಲ್ಲಿ ಕನ್ಸರ್ವೇಟರ್ ಆಗಿ ಮೊದಲ ವರ್ಷ: ಎಲ್ಲಿಂದ ಕೈಹಚ್ಚಲಿ? ಅನುಭವ ಇರುವವರು ಹೇಳಿ

ಹೊಸಬಿ

ಎಲ್ಲರಿಗೂ ನಮಸ್ಕಾರ. ಕನ್ಸರ್ವೇಷನ್‌ನಲ್ಲಿ (ಹಳೆಯ ವಸ್ತುಗಳ ಸಂರಕ್ಷಣೆ) ಎಂ.ಎ. ಮುಗಿಸಿ, ಮಲೆನಾಡಿನ ಅಂಚಿನ ಒಂದು ಸಣ್ಣ ವಸ್ತುಸಂಗ್ರಹಾಲಯಕ್ಕೆ ಸೇರಿ ನಾಲ್ಕು ತಿಂಗಳಾಯಿತು. ಈ ಕೆಲಸಕ್ಕೆ ಇರುವವಳು ನಾನೊಬ್ಬಳೇ. ಸುಮಾರು 40 ಕಂಚಿನ ಮೂರ್ತಿಗಳಿವೆ, ಆರರ ಮೇಲೆ ತಿಳಿಹಸಿರು ಪುಡಿ ಕಾಣುತ್ತಿದೆ. 60 ಕಟ್ಟು ತಾಳೆಗರಿ ಇವೆ. ಮೈಸೂರು ಶೈಲಿಯ 12 ಚಿತ್ರಗಳಲ್ಲಿ ಎರಡರ ಚಿನ್ನದ ಕೆಲಸ ಏಳುತ್ತಿದೆ. ನವೆಂಬರ್‌ನಲ್ಲಿ ಪ್ರದರ್ಶನ, ಅಷ್ಟರೊಳಗೆ ಎಲ್ಲ ಕ್ಲೀನಾಗಿ ಹೊಳೆಯಬೇಕು ಅಂತ ಕ್ಯುರೇಟರ್ ಸರ್ ಹೇಳಿದ್ದಾರೆ. ಈಗ ಜುಲೈ. ಸ್ಟೋರ್‌ನ ಮೀಟರ್ ಆರ್ದ್ರತೆ ಶೇ. 84 ತೋರಿಸುತ್ತಿದೆ. ಮೊದಲು ಯಾವುದನ್ನು ಮುಟ್ಟಲಿ? ಯಾವುದನ್ನು ಮುಟ್ಟಲೇಬಾರದು?

ಹತ್ತಿಕಡ್ಡಿ

ಮೂರ್ತಿ, ಚಿತ್ರ ಎಲ್ಲ ಆಮೇಲೆ. ಮೊದಲು ಆ 84 ನಿಜವೋ ಸುಳ್ಳೋ ನೋಡಿ. ಅಗ್ಗದ ಮೀಟರುಗಳು 5–8 ಅಂಕ ಆಚೀಚೆ ಹೇಳುವುದು ಮಾಮೂಲು. ಬಾಟಲಿಯ ಮುಚ್ಚಳವೊಂದರಲ್ಲಿ ಅಡುಗೆ ಉಪ್ಪು ಹಾಕಿ, ಕೆಲವೇ ಹನಿ ನೀರು ಬಿಡಿ. ಉಪ್ಪು ಕರಗಿಹೋಗಬಾರದು, ಒದ್ದೆ ಮರಳಿನ ಹಾಗಿರಬೇಕು. ಅದನ್ನೂ ಮೀಟರನ್ನೂ ಜಿಪ್‌ ಚೀಲದಲ್ಲಿ ಹಾಕಿ, ಗಾಳಿಯಾಡದಂತೆ ಮುಚ್ಚಿ, ಬಿಸಿಲು ಫ್ಯಾನು ತಾಗದ ಕಡೆ ರಾತ್ರಿಯಿಡೀ ಇಡಿ. ಬೆಳಗ್ಗೆ 75 ತೋರಿಸಬೇಕು. 80 ತೋರಿಸಿದರೆ ಮೀಟರು 5 ಹೆಚ್ಚು ಹೇಳುತ್ತಿದೆ ಎಂದರ್ಥ. ಆ ವ್ಯತ್ಯಾಸವನ್ನು ಚೀಟಿಯಲ್ಲಿ ಬರೆದು ಮೀಟರಿನ ಬೆನ್ನಿಗೇ ಅಂಟಿಸಿ. ಆರು ತಿಂಗಳಿಗೊಮ್ಮೆ ಇದೇ ಪರೀಕ್ಷೆ.

ಆಮೇಲೆ ಒಂದು ವಾರ, ದಿನಕ್ಕೆ ಮೂರು ಸಲ, ಮೂರು ಜಾಗದಲ್ಲಿ ಓದಿ ಬರೆಯಿರಿ: ಮಳೆ ಹೊಡೆಯುವ ಗೋಡೆಯ ಪಕ್ಕ, ಕೋಣೆಯ ನಡುವೆ, ಬೀರುವಿನ ಒಳಗೆ. ಒಂದೊಂದು ಅಂಕಿಗಿಂತ ಇವುಗಳ ನಡುವಿನ ಅಂತರವೇ ಹೆಚ್ಚು ಹೇಳುತ್ತದೆ. ಗೋಡೆಯ ಪಕ್ಕ 10 ಹೆಚ್ಚಿದ್ದರೆ ಕಪಾಟುಗಳನ್ನು ಗೋಡೆಯಿಂದ ಗೇಣು ದೂರ ಎಳೆಯಿರಿ, ನೆಲದಿಂದ 15 ಸೆಂ.ಮೀ. ಎತ್ತರಿಸಿ. ಇದಕ್ಕೆ ಇಟ್ಟಿಗೆಯೂ ಎರಡು ಜನರೂ ಸಾಕು, ಟೆಂಡರ್ ಬೇಡ. ಬೀರುವಿನ ಒಳಗೆ ಹೊರಗಿಗಿಂತ ಕಡಿಮೆ ಏರಿಳಿತ ಕಂಡರೆ ಅದು ಒಳ್ಳೆಯದು. "ಗಾಳಿಯಾಡಲಿ" ಅಂತ ಮಳೆಗಾಲದಲ್ಲಿ ಬಾಗಿಲು ತೆಗೆದಿಡಬೇಡಿ.

ಶೇ. 65–70 ದಾಟಿದರೆ ಬೂಷ್ಟು ಹಿಡಿಯುತ್ತದೆ, ಗಾಳಿಯಾಡದ ಮೂಲೆಯಲ್ಲಿ ಇನ್ನೂ ಬೇಗ. ಡೀಹ್ಯೂಮಿಡಿಫೈಯರ್ ಇದ್ದರೆ ಅದರ ನೀರು ತೊಟ್ಟಿಗೆ ಹೋಗುವಂತಿರಬಾರದು, ಪೈಪು ಹಾಕಿ ಹೊರಗೆ ಬಿಡಿ. ಇಲ್ಲದಿದ್ದರೆ ರಾತ್ರಿ ತೊಟ್ಟಿ ತುಂಬಿ ಯಂತ್ರ ತಾನಾಗಿ ನಿಂತಿರುತ್ತದೆ, ಬೆಳಗ್ಗೆ ಬಂದು ನೋಡಿದರೆ ಮತ್ತೆ 80. ಎ.ಸಿ.ಯನ್ನು ಹತ್ತರಿಂದ ಐದರವರೆಗೆ ಮಾತ್ರ ಹಾಕುವುದಾದರೆ ಹಾಕದಿರುವುದೇ ಲೇಸು. ಹಗಲು ತಣ್ಣಗಾದ ಲೋಹ, ಕಲ್ಲು, ಗಾಜಿನ ಮೇಲೆ ಸಂಜೆಯ ಒದ್ದೆ ಗಾಳಿ ಬಂದು ಬೆವರಿಳಿಸುತ್ತದೆ.

ಬೂಷ್ಟು ಹಿಡಿದ ವಸ್ತು ಕಂಡರೆ ಒದ್ದೆಯಿದ್ದಾಗ ಬ್ರಷ್ ಆಡಿಸಬೇಡಿ, ಒಳಕ್ಕೆ ತಿಕ್ಕಿದಂತಾಗುತ್ತದೆ. ಬೇರೆ ಕೋಣೆಗೆ ಒಯ್ದು, ಫ್ಯಾನಿನ ಗಾಳಿ ನೇರ ಬೀಳದಂತೆ ಒಣಗಿಸಿ. ಬೂಷ್ಟು ಪುಡಿಪುಡಿಯಾದ ಮೇಲೆ, ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮಿನ ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿ, ಮೆತ್ತನೆ ಬ್ರಷ್ಷಿನಿಂದ ಅದರ ಕಡೆಗೆ ತಳ್ಳಿ. ಎನ್-95 ಮಾಸ್ಕ್ ಹಾಕಿಕೊಳ್ಳಿ. ಶೇ. 70ರ ಆಲ್ಕೋಹಾಲ್ ಕಪಾಟಿಗೆ ಮಾತ್ರ, ವಸ್ತುವಿಗೆ ಅಲ್ಲ.

ಕಿಲುಬು

ಆ ಆರು ಮೂರ್ತಿಗಳು ಕಾಯುವುದಿಲ್ಲ, ಇವತ್ತೇ ಬೇರೆ ಮಾಡಿ. ಹಸಿರೆಲ್ಲ ರೋಗವಲ್ಲ. ಗಟ್ಟಿಯಾಗಿ, ನುಣುಪಾಗಿ, ಕಡುಹಸಿರಾಗಿ ಕೂತಿರುವ ಕಿಲುಬು ಮೂರ್ತಿಯ ವಯಸ್ಸು, ಅದನ್ನು ಮುಟ್ಟಬೇಡಿ. ಬೆರಳ ತುದಿಗೆ ಹತ್ತುವ, ಚುಕ್ಕಿಚುಕ್ಕಿಯಾಗಿ ಏಳುವ, ಒರೆಸಿದರೂ ವಾರದಲ್ಲಿ ಮರಳಿ ಬರುವ ತಿಳಿಹಸಿರು ಪುಡಿಯೇ ಕಂಚಿನ ರೋಗ. ಒಳಗೆ ಅಡಗಿರುವ ತಾಮ್ರದ ಕ್ಲೋರೈಡು ತೇವ ಮತ್ತು ಆಮ್ಲಜನಕ ಸಿಕ್ಕೊಡನೆ ಈ ಪುಡಿಯಾಗುತ್ತದೆ, ಜೊತೆಗೆ ಹೈಡ್ರೋಕ್ಲೋರಿಕ್ ಆಮ್ಲ ಹುಟ್ಟುತ್ತದೆ. ಆ ಆಮ್ಲ ಹೊಸ ತಾಮ್ರವನ್ನು ತಿಂದು ಮತ್ತೆ ಕ್ಲೋರೈಡು. ಹೀಗೆ ಸುತ್ತು ನಿಲ್ಲುವುದೇ ಇಲ್ಲ. ಸಂಶಯವಿದ್ದರೆ ಚಿಟಿಕೆ ಪುಡಿಯನ್ನು ಪರೀಕ್ಷಾ ನಳಿಕೆಯಲ್ಲಿ ದುರ್ಬಲ ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಒಂದೆರಡು ಹನಿ ಸಿಲ್ವರ್ ನೈಟ್ರೇಟ್ ಬಿಡಿ. ಮೊಸರಿನಂಥ ಬಿಳಿ ಗಸಿ ಬಂದರೆ ಕ್ಲೋರೈಡು ಇದೆ.

ಮೊದಲ ಚಿಕಿತ್ಸೆ ಡಬ್ಬಿ. ಗಟ್ಟಿ ಮುಚ್ಚಳದ ಪಾಲಿಪ್ರೊಪಿಲೀನ್ ಡಬ್ಬಿಯೊಳಗೆ ತೇವ ಹೀರುವ ಸಿಲಿಕಾ ಜೆಲ್ಲನ್ನು ಒಣಗಿಸಿ ಇಟ್ಟು, ಆರ್ದ್ರತೆ 40ರ ಕೆಳಗೆ, ಸಾಧ್ಯವಾದರೆ 35ರ ಸುತ್ತ ಇಳಿಸಿ. ಇಷ್ಟು ಮಾಡಿದರೆ ರೋಗ ಗುಣವಾಗುವುದಿಲ್ಲ, ಆದರೆ ನಿಲ್ಲುತ್ತದೆ. ಉಳಿದದ್ದಕ್ಕೆ ಆರು ತಿಂಗಳು ತಡವಾದರೂ ಮೂರ್ತಿಗೆ ನಷ್ಟವಿಲ್ಲ.

ಮುಂದಿನ ಹಂತ, ಹಿರಿಯರೊಬ್ಬರು ಪಕ್ಕದಲ್ಲಿರುವಾಗ: ಮಸೂರದ ಕೆಳಗೆ ಸ್ಕಾಲ್‌ಪೆಲ್, ಬಿದಿರು ಕಡ್ಡಿಯಿಂದ ಪುಡಿಯನ್ನು ಗುಳಿಯ ಬುಡದವರೆಗೆ ತೆಗೆಯಿರಿ. ಪುಡಿ ಇನ್ನೊಂದು ಮೂರ್ತಿಯ ಮೇಲೆ ಹಾರಬಾರದು. ಅಸಿಟೋನಿನಿಂದ ಜಿಡ್ಡು ತೆಗೆದು, ತಾಮ್ರದ ಮೇಲೆ ರಕ್ಷಣೆಯ ಪದರ ಕಟ್ಟುವ ಬೆಂಝೋಟ್ರಯಜೋಲ್‌ನ ಶೇ. 3ರ ದ್ರಾವಣದಲ್ಲಿ (ಒಂದು ಲೀಟರ್ ಎಥನಾಲಿಗೆ 30 ಗ್ರಾಂ) 24 ಗಂಟೆ ಮುಳುಗಿಸಿ, ಪಾತ್ರೆಯ ಬಾಯಿ ಮುಚ್ಚಿಡಿ. ತೆಗೆದ ಮೇಲೆ ಎಥನಾಲಿನಲ್ಲಿ ತೊಳೆಯಿರಿ, ಇಲ್ಲದಿದ್ದರೆ ಬಿಳಿ ಹರಳು ಕೂರುತ್ತದೆ. ಒಣಗಿದ ಮೇಲೆ ಒದ್ದೆ ಹತ್ತಿ ಇಟ್ಟ ಡಬ್ಬಿಯಲ್ಲಿ ಒಂದು ದಿನ ಇಟ್ಟು ನೋಡಿ. ಹೊಸ ಚುಕ್ಕಿ ಎದ್ದರೆ ಮತ್ತೆ ಮೊದಲಿನಿಂದ. ಏಳದಿದ್ದರೆ ಇನ್‌ಕ್ರಾಲಾಕ್ ಇಲ್ಲವೇ ಪ್ಯಾರಲಾಯ್ಡ್ ಬಿ-72 (ಎರಡೂ ಪಾರದರ್ಶಕ ಅಕ್ರಿಲಿಕ್ ಲೇಪಗಳು) ತೆಳುವಾಗಿ, ಎರಡು ಸಲ. ಬೆಂಝೋಟ್ರಯಜೋಲ್ ವಿಷ. ಕೈಗವಸು, ಕನ್ನಡಕ ಬೇಕೇ ಬೇಕು, ಪುಡಿ ತೂಗುವಾಗ ಮಾಸ್ಕ್ ಕೂಡ. ಉಳಿದ ದ್ರಾವಣ ಮೋರಿಗೆ ಚೆಲ್ಲುವಂತಿಲ್ಲ.

ಕೆಡುವುದು ಎಲ್ಲಿ? ಗುಳಿಯ ತಳದಲ್ಲಿ ಆಮ್ಲ ಹೆಚ್ಚಿದ್ದರೆ ಬೆಂಝೋಟ್ರಯಜೋಲ್ ಸರಿಯಾಗಿ ಪದರ ಕಟ್ಟುವುದಿಲ್ಲ, ಆದ್ದರಿಂದ ಕಡ್ಡಿಯ ಕೆಲಸ ಅರ್ಧಂಬರ್ಧ ಮಾಡಿ ಮುಳುಗಿಸಿದರೆ ದ್ರಾವಣ ದಂಡ. ಒಳಗೆ ಮಣ್ಣು ಉಳಿದಿರುವ ಟೊಳ್ಳು ಎರಕ, ಅರಗು ತುಂಬಿದ ಪೀಠ, ಕಣ್ಣಿಗೆ ಬೇರೆ ವಸ್ತು ಕೂರಿಸಿದ ಮೂರ್ತಿ ಇವನ್ನು ಮುಳುಗಿಸಲೇಬಾರದು. ಮಡಿಕೆಗಳಲ್ಲಿ ಕುಂಕುಮ, ಗಂಧ, ಎಣ್ಣೆಯ ಪದರ ಉಳಿದಿದ್ದರೆ ಅದು ಪೂಜೆಯ ಕುರುಹು. ಕ್ಯುರೇಟರ್ ಬರವಣಿಗೆಯಲ್ಲಿ ಒಪ್ಪದೆ ತೆಗೆಯಬೇಡಿ.

ಇನ್ನು "ಹೊಳೆಯಬೇಕು" ಎನ್ನುವ ಮಾತು. ಹುಣಸೆಹಣ್ಣು–ಉಪ್ಪು, ಬೂದಿ, ಅಂಗಡಿಯ ಪಾತ್ರೆ ಪುಡಿ ಯಾವುದೂ ಬೇಡ. ಹುಣಸೆಯ ಹುಳಿ ಪಟಿನಾ (ಮೇಲೆ ಹೇಳಿದ ಆ ಗಟ್ಟಿ ಕಿಲುಬು) ಕರಗಿಸುತ್ತದೆ, ಪುಡಿ ಪೀಠದ ಅಕ್ಷರ ಸವೆಸುತ್ತದೆ, ಉಪ್ಪು ನೀವು ಹೆದರುತ್ತಿರುವ ಅದೇ ಕ್ಲೋರೈಡನ್ನು ಕೈಯಾರೆ ಒಳಗೆ ಬಿಡುತ್ತದೆ. ದೇವಸ್ಥಾನದಲ್ಲಿ ಉಜ್ಜುವುದು ಸೇವೆ. ಇಲ್ಲಿ ಅದೇ ಹಾನಿ.

ಮಕ್ಕಿ ಸಫೇದ

ಮೈಸೂರು ಚಿತ್ರಗಳ ಬಗ್ಗೆ ನನ್ನ ಮಾತು ಕಟುವಾಗಿರಬಹುದು: ನಾಲ್ಕು ತಿಂಗಳ ಕೈ ಅವುಗಳ ಮೇಲೆ ಹೋಗಬಾರದು. ಕಾರಣ ಅವುಗಳ ಕಟ್ಟಣೆಯಲ್ಲೇ ಇದೆ. ಉಬ್ಬಿನ ಕೆಲಸಕ್ಕೆ ಸಫೇದ (ಬಿಳಿ ಬಣ್ಣದ ಪುಡಿ), ಮಕ್ಕಿ, ಗೋಂದು ಅರೆದು ಕುಂಚದಲ್ಲಿ ಎಳೆಯುತ್ತಾರೆ, ಅದರ ಮೇಲೆ ಚಿನ್ನದ ರೇಕು. ಗೋಂದು ನೀರಿಗೆ ಕರಗುತ್ತದೆ. ಮಕ್ಕಿ ಒಂದು ಮರದ ಹಾಲಿನ ಹಳದಿ ಅಂಟು, ಅದರ ರಾಳದ ಅಂಶ ಆಲ್ಕೋಹಾಲಿಗೆ ಕರಗುತ್ತದೆ. ನೀರಿನ ಹತ್ತಿಕಡ್ಡಿ ಇಟ್ಟರೆ ಬಣ್ಣ ಏಳುತ್ತದೆ, ಆಲ್ಕೋಹಾಲ್ ಇಟ್ಟರೆ ಹಳದಿ ಏಳುತ್ತದೆ. ಸೋಪು, ಅಮೋನಿಯಾದಂಥ ಕ್ಷಾರ ತಾಗಿದರೆ ಮಕ್ಕಿ ಕೆಂಪಿಗೆ ತಿರುಗುತ್ತದೆ. ವಾರ್ನಿಷ್ ಇರುವ ಎಣ್ಣೆಬಣ್ಣದ ಚಿತ್ರವನ್ನು ಎಂಜಲಿನ ಕಡ್ಡಿಯಿಂದ ಒರೆಸುವ ಪಾಠ ಓದಿರುತ್ತೀರಿ, ಅದನ್ನು ಇಲ್ಲಿ ತರಬೇಡಿ.

ಈಗ ಮಾಡಬಹುದಾದದ್ದು: ಏಳುತ್ತಿರುವ ಎರಡನ್ನೂ ಗೋಡೆಯಿಂದ ಇಳಿಸಿ, ಮುಖ ಮೇಲಾಗಿ ಅಡ್ಡಲಾಗಿ ಮಲಗಿಸಿ, ಮೇಲ್ಮೈಗೆ ತಾಗದ ಹಾಗೆ ನಾಲ್ಕು ಬೆರಳು ಎತ್ತರದ ಮುಚ್ಚಳ ಮಾಡಿ. ಚೌಕಟ್ಟಿನ ಗಾಜಿಗೆ ಬಣ್ಣ ಅಂಟಿಕೊಂಡಿದೆಯೇ ಅಂತ ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿ, ಅಂಟಿದ್ದರೆ ಗಾಜು ತೆಗೆಯಬೇಡಿ. ಒಂದು ಬದಿಯಿಂದ, ಮೇಲ್ಮೈಗೆ ಸವರಿದಂತೆ ಬೆಳಕು ಬಿಟ್ಟು ಫೋಟೋ ತೆಗೆಯಿರಿ. ಎದ್ದ ಜಾಗವೆಲ್ಲ ನೆರಳಾಗಿ ಕಾಣುತ್ತದೆ. ಫೋಟೋದ ಪ್ರಿಂಟಿನ ಮೇಲೆ ಪಾರದರ್ಶಕ ಹಾಳೆ ಇಟ್ಟು, ಏಳುತ್ತಿರುವುದಕ್ಕೆ ಕೆಂಪು, ಬಿದ್ದದ್ದಕ್ಕೆ ನೀಲಿ, ಹಳೆಯ ರಿಪೇರಿಗೆ ಹಸಿರು ಗುರುತು ಹಾಕಿ. ಉದುರಿದ ಚೂರುಗಳನ್ನು ಸಣ್ಣ ಡಬ್ಬಿಗಳಲ್ಲಿ, ಎಲ್ಲಿಂದ ಬಿದ್ದದ್ದು ಎಂಬ ಗುರುತಿನೊಡನೆ ಇಡಿ. ಗುಡಿಸಿ ಎಸೆದರೆ ಎಸೆದದ್ದು ಚಿನ್ನ ಮಾತ್ರವಲ್ಲ.

ಏಳುವುದಕ್ಕೆ ಮೂಲ ಕಾರಣ ಬಹುಪಾಲು ಹಿಂಬದಿಯಲ್ಲಿರುತ್ತದೆ. ಕಾಗದ ಅಂಟಿಸಿದ ಹಲಗೆ ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುತ್ತದೆ, ಉಬ್ಬು ಹಿಗ್ಗುವುದಿಲ್ಲ. ಹಲಗೆಯಲ್ಲಿ ಕೊರಕ ಹುಳುವಿನ ತೂತು ಇದ್ದರೆ ಕೆಳಗೆ ಕಪ್ಪು ಕಾಗದ ಹಾಸಿ ವಾರ ಬಿಟ್ಟು ನೋಡಿ. ಬಿಳಿಚಿದ ಹೊಸ ಪುಡಿ ಬಿದ್ದಿದ್ದರೆ ಹುಳು ಜೀವಂತ. ಈ ಚಿತ್ರಗಳನ್ನು ಫ್ರೀಜರಿನಲ್ಲಿ ಇಡುವ ಹಾಗಿಲ್ಲ. ಆಮ್ಲಜನಕ ಹೀರುವ ಪೊಟ್ಟಣಗಳೊಡನೆ ಗಾಳಿ ತೂರದ ಚೀಲದಲ್ಲಿ ಮುಚ್ಚಿ, ಒಳಗಿನ ಆಮ್ಲಜನಕ ಶೇ. 0.3ರ ಕೆಳಗೆ ಇಳಿಸಿ, 25 ಡಿಗ್ರಿಯಲ್ಲಿ ಮೂರು ವಾರ ಇಡುವುದು ಸುರಕ್ಷಿತ ದಾರಿ.

ಹಳದಿ ಅರದಾಳದಲ್ಲಿ ಆರ್ಸೆನಿಕ್ ಇದೆ, ಕೆಂಪು ಬಣ್ಣದ ಇಂಗಳೀಕದಲ್ಲಿ ಪಾದರಸ, ಹಳೆಯ ಸಫೇದದಲ್ಲಿ ಸೀಸ ಇರಬಹುದು. ಉದುರಿದ ಪುಡಿ ಮುಟ್ಟಿದ ಕೈಯಲ್ಲಿ ಕಾಫಿ ಲೋಟ ಹಿಡಿಯಬೇಡಿ ಮೇಡಂ.

ಓಲೆಗರಿ

ತಾಳೆಗರಿಗೆ ಬನ್ನಿ. 60 ಕಟ್ಟನ್ನೂ ನವೆಂಬರಿನೊಳಗೆ ಮುಗಿಸಲು ಹೋಗಬೇಡಿ. ಎಲ್ಲವನ್ನೂ ಬಿಚ್ಚಿ ನೋಡಿ ಮೂರು ರಾಶಿ ಮಾಡಿ: ಹುಳು ಜೀವಂತ, ಗರಿ ಗರಿಗೆ ಅಂಟಿಕೊಂಡದ್ದು, ಬರಿಯ ಧೂಳು. ಮೊದಲ ರಾಶಿ ಮಾತ್ರ ತುರ್ತು. ಕಟ್ಟನ್ನು ಪಾಲಿಥೀನಿನಲ್ಲಿ ಸುತ್ತಿ, ಗಾಳಿ ಒತ್ತಿ ತೆಗೆದು, ಟೇಪು ಹಾಕಿ, ಮೈನಸ್ 20 ಡಿಗ್ರಿಯಲ್ಲಿ ಎರಡು ವಾರ. ಹೊರಗೆ ತೆಗೆದ ಮೇಲೆ ಸುತ್ತು ಬಿಚ್ಚದೆ 24 ಗಂಟೆ ಬಿಡಿ, ಇಲ್ಲದಿದ್ದರೆ ತಣ್ಣನೆಯ ಗರಿಯ ಮೇಲೆ ನೀರು ಕೂರುತ್ತದೆ. ಕಟ್ಟಿನ ಮೇಲೆ ಕೆಳಗಿರುವ ಬಣ್ಣ ಬಳಿದ ಹಲಗೆಗಳನ್ನು ಮೊದಲೇ ಬೇರ್ಪಡಿಸಿ, ಅವು ಫ್ರೀಜರಿಗೆ ಹೋಗಬಾರದು.

ಒರೆಸುವ ಮೊದಲು ಕಂಟದಿಂದ (ಗರಿಯ ಮೇಲೆ ಬರೆಯುವ ಕಬ್ಬಿಣದ ಲೇಖನಿ) ಕೊರೆದದ್ದೋ, ಶಾಯಿಯಿಂದ ಮೇಲೆ ಬರೆದದ್ದೋ ನೋಡಿ. ಓರೆ ಬೆಳಕಿನಲ್ಲಿ ಕೊರೆದ ಗೆರೆ ಸ್ಪಷ್ಟ ಕಾಣುತ್ತದೆ. ಕೊರೆದದ್ದಾದರೆ ಎಥನಾಲ್–ನೀರು ಅರ್ಧರ್ಧ ಬೆರೆಸಿ, ಹತ್ತಿಯನ್ನು ಅದ್ದಿ ಹಿಂಡಿ, ನಾರಿನ ಉದ್ದಕ್ಕೆ ಮಾತ್ರ ಎಳೆಯಿರಿ. ಅಡ್ಡ ಎಳೆದರೆ ಸಿಪ್ಪೆ ಏಳುತ್ತದೆ. ಶಾಯಿಯಲ್ಲಿ ಬರೆದದ್ದಾದರೆ ಒಣ ಬ್ರಷ್ಷೇ ಗತಿ. ಅಂಟಿದ ಗರಿಗಳ ನಡುವೆ ಬ್ಲೇಡು ತೂರಿಸಬೇಡಿ. ಒದ್ದೆ ಬ್ಲಾಟಿಂಗ್ ಪೇಪರ್ ಇಟ್ಟ ಮುಚ್ಚಿದ ಡಬ್ಬಿಯಲ್ಲಿ, ನೀರು ತಾಗದ ಜಾಲರಿಯ ಮೇಲೆ, ಕೆಲವು ಗಂಟೆ ಇಟ್ಟು ಮೆತ್ತಗಾದ ಮೇಲೆ ತೆಳು ಬಿದಿರು ಕಡ್ಡಿಯಿಂದ ಬಿಡಿಸಿ. ಗಂಟೆಗೊಮ್ಮೆ ನೋಡಿ, ರಾತ್ರಿಯಿಡೀ ಮರೆತರೆ ಬೂಷ್ಟು.

ಅಕ್ಷರ ಕಾಣದ ಗರಿಗೆ ದೀಪದ ಮಸಿ ತುಂಬಿ, ಕೊನೆಗೆ ನಿಂಬೆಹುಲ್ಲಿನ ಎಣ್ಣೆ ಹಚ್ಚುವುದು ರೂಢಿ. ಗರಿ ಬಳುಕುತ್ತದೆ, ಹುಳುವೂ ದೂರ.

ಕಿಲುಬು

ಎಣ್ಣೆಯ ಬಗ್ಗೆ ನನ್ನ ತಕರಾರಿದೆ. ಹಚ್ಚಿದ ದಿನ ಚೆನ್ನಾಗಿಯೇ ಕಾಣುತ್ತದೆ. ಪ್ರತಿ ವರ್ಷ ಹಚ್ಚಿದ ಕಟ್ಟುಗಳಲ್ಲಿ ಧೂಳು ಜಿಡ್ಡಿಗೆ ಹತ್ತಿ ಗರಿ ಕಪ್ಪಾಗಿ, ಒಂದಕ್ಕೊಂದು ಅಂಟಿರುತ್ತವೆ.

ಓಲೆಗರಿ

ಒಪ್ಪಿದೆ, ಅಳತೆ ಹೇಳದೆ ಬಿಟ್ಟದ್ದು ನನ್ನ ತಪ್ಪು. ಗರಿ ಬಾಗಿಸಿದರೆ ಚಟ್ಟನೆ ಸೀಳುವಷ್ಟು ಒಣಗಿದ್ದರೆ ಮಾತ್ರ, ಬಟ್ಟೆಗೆ ಒಂದೆರಡು ಹನಿ ಹಾಕಿ ಸವರಿ, ಒಣಬಟ್ಟೆಯಿಂದ ಒರೆಸಿ, ಒಂದು ದಿನ ಗಾಳಿಗೆ ಬಿಟ್ಟು ಕಟ್ಟಬೇಕು. ಬಳುಕುವ ಗರಿಗೆ ಬೇಡವೇ ಬೇಡ. ಹುಳು ದೂರವಿಡಲು ಬಜೆ, ಲವಂಗದ ಗಂಟು ಬೀರುವಿನ ಮೂಲೆಯಲ್ಲಿ ಇಡಬಹುದು, ಗರಿಗೆ ತಾಗದ ಹಾಗೆ. ಅದು ಕಾವಲಷ್ಟೇ, ಒಳಗಿರುವ ಹುಳುವನ್ನು ಕೊಲ್ಲುವುದಿಲ್ಲ.

ಕಟ್ಟುವ ದಾರ ಹತ್ತಿಯದು, ಸಡಿಲ. ನೈಲಾನ್ ದಾರ ತೂತನ್ನು ಕೊಯ್ಯುತ್ತದೆ. ಸುತ್ತುವ ಕೋರಾ ಬಟ್ಟೆಯನ್ನು ಸೋಪಿಲ್ಲದೆ ಬಿಸಿನೀರಿನಲ್ಲಿ ಮೂರು ಸಲ ಒಗೆದು ಗಂಜಿ ತೆಗೆಯಿರಿ. ಗಂಜಿ ಹೋಯಿತೇ ಅಂತ ತಿಳಿಯಲು ಔಷಧದಂಗಡಿಯ ಅಯೋಡಿನ್ ಒಂದು ಹನಿ ಬಿಡಿ. ನೀಲಿಗಪ್ಪಾದರೆ ಇನ್ನೊಮ್ಮೆ ಒಗೆಯಿರಿ, ಗಂಜಿ ಬೆಳ್ಳಿಮೀನು ಹುಳುವಿಗೆ ಹಬ್ಬದೂಟ. ಅಕ್ಸೆಷನ್ ಸಂಖ್ಯೆಯನ್ನು (ಸಂಗ್ರಹಾಲಯದ ದಾಖಲೆ ಸಂಖ್ಯೆ) ಗರಿಯ ಮೇಲೆ ಬರೆಯಬೇಡಿ, ಚೀಟಿಯ ಮೇಲೆ 2ಬಿ ಪೆನ್ಸಿಲಿನಲ್ಲಿ ಬರೆದು ದಾರಕ್ಕೆ ಕಟ್ಟಿ.

ಕಡತ ವಿಲೇವಾರಿ

ಎಲ್ಲರೂ ರಸಾಯನ ಹೇಳಿದರು, ಕಚೇರಿ ಯಾರೂ ಹೇಳಲಿಲ್ಲ. ಒಂಟಿ ಕನ್ಸರ್ವೇಟರ್ ಸೋಲುವುದು ಹೆಚ್ಚಾಗಿ ಅಲ್ಲೇ.

ಕ್ಯುರೇಟರ್ ಸರ್‌ಗೆ "ಆಗಲ್ಲ" ಅನ್ನಬೇಡಿ, ಪಟ್ಟಿ ಕೊಡಿ. ಒಂದೊಂದು ವಸ್ತುವಿಗೆ ಒಂದು ಸಾಲು: ಈಗಿನ ಸ್ಥಿತಿ, ಪ್ರದರ್ಶಿಸಬಹುದೇ, ಮಾಡಬೇಕಾದ ಕೆಲಸ, ಬೇಕಾದ ದಿನ, ಮಾಡದಿದ್ದರೆ ಏನಾಗುತ್ತದೆ. ಜೊತೆಗೊಂದು ಫೋಟೋ. ಅದನ್ನು ಟಿಪ್ಪಣಿಯಾಗಿ ಕಡತಕ್ಕೆ ಸೇರಿಸಿ, ದಿನಾಂಕ ಹಾಕಿ ಸಹಿ ಮಾಡಿಸಿ. ಬಾಯಿಮಾತಿನ ಒಪ್ಪಿಗೆಯ ಮೇಲೆ ಒಂದು ಹತ್ತಿಕಡ್ಡಿಯನ್ನೂ ಎತ್ತಬೇಡಿ.

ಇನ್ನು ಹೊಳಪು. ನೋಡುವವರ ಕಣ್ಣಿಗೆ ಹೊಳೆಯುವುದು ಗಾಜು, ಬೆಳಕು, ಹಿಂದಿನ ಬಟ್ಟೆ. ಶೋಕೇಸಿನ ಗಾಜನ್ನು ಎರಡೂ ಕಡೆ ಒರೆಸಿ. ದ್ರಾವಣವನ್ನು ದೂರ ನಿಂತು ಬಟ್ಟೆಗೆ ಸಿಂಪಡಿಸಬೇಕು, ಗಾಜಿಗಲ್ಲ. ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಕಂಚಿನ ಹತ್ತಿರ ಬೇಡ. ಶೋಕೇಸಿಗೆ ಬಣ್ಣ ಹೊಡೆಸುವುದಿದ್ದರೆ ಸೆಪ್ಟೆಂಬರ್ ಮುಗಿಯುವುದರೊಳಗೆ ಹೊಡೆಸಿ, ನಾಲ್ಕು ವಾರ ಬಾಗಿಲು ತೆರೆದು ಆರಲು ಬಿಡಿ. ಹಸಿ ಬಣ್ಣ, ಹಸಿ ಪ್ಲೈವುಡ್ಡಿನ ಆವಿ ಮುಚ್ಚಿದ ಗಾಜಿನೊಳಗೆ ಲೋಹವನ್ನು ತಿನ್ನುತ್ತದೆ. ಚಿತ್ರ, ತಾಳೆಗರಿ, ಬಟ್ಟೆಗೆ ಬೆಳಕು 50 ಲಕ್ಸ್ ಮೀರದಿರಲಿ. ಮಂದ ಅನ್ನಿಸಿದರೆ ಅಕ್ಕಪಕ್ಕದ ಬೆಳಕು ಇಳಿಸಿ, ಕಣ್ಣು ಹೊಂದಿಕೊಳ್ಳುತ್ತದೆ.

ಇಂಡೆಂಟ್ (ಸಾಮಗ್ರಿಯ ಬೇಡಿಕೆ ಪಟ್ಟಿ) ಬರೆಯುವಾಗ ಸಾಮಗ್ರಿಯ ಗುಣ ಬರೆಯಿರಿ, ಹೆಸರೊಂದೇ ಸಾಲದು. "ಆಮ್ಲರಹಿತ ಕಾಗದ" ಅಂತಷ್ಟೇ ಬರೆದರೆ ಬಿಳಿ ಡ್ರಾಯಿಂಗ್ ಶೀಟ್ ಬಂದು ಬೀಳುತ್ತದೆ. "ಲಿಗ್ನಿನ್ ಇಲ್ಲದ, ಪಿಎಚ್ 7ರಿಂದ 8.5, ಮಾದರಿ ಪರೀಕ್ಷಿಸಿ ಒಪ್ಪಲಾಗುವುದು" ಅಂತ ಬರೆದರೆ ವಾಪಸು ಕಳಿಸುವ ಹಕ್ಕು ಕೈಯಲ್ಲಿರುತ್ತದೆ. ಅಂಟಿನ ವಿಷಯದಲ್ಲೂ ಅಷ್ಟೇ, "ಅಥವಾ ಸಮಾನವಾದದ್ದು" ಎಂಬ ಒಂದು ಪದಕ್ಕೆ ಮರಗೆಲಸದ ಬಿಳಿ ಅಂಟು ಬರುತ್ತದೆ. ಅದು ಹಳತಾದ ಮೇಲೆ ಬಿಡಿಸಲು ಬರುವುದಿಲ್ಲ. ಜಪಾನೀ ಟಿಶ್ಯೂ, ಪ್ಯಾರಲಾಯ್ಡ್ ಬರಲು ತಿಂಗಳುಗಳೇ ಬೇಕು, ಮಾರ್ಚ್‌ಗೆ ಅನುದಾನ ವಾಪಸು ಹೋಗುತ್ತದೆ. ಆಗಸ್ಟಿನಲ್ಲೇ ಕಳಿಸಿ.

ಚಿತ್ರಗಳಿಗೆ ಹಿರಿಯರನ್ನು ಕರೆಸಲು ನಿರ್ದೇಶಕರ ಮೂಲಕ ಪತ್ರ ಬರೆಸಿ. ಲಕ್ನೋದಲ್ಲಿ 1976ರಲ್ಲಿ ಶುರುವಾದ ಎನ್‌ಆರ್‌ಎಲ್‌ಸಿಯ (ಸಂರಕ್ಷಣೆಯ ರಾಷ್ಟ್ರೀಯ ಸಂಶೋಧನಾ ಪ್ರಯೋಗಾಲಯ) ಪ್ರಾದೇಶಿಕ ಪ್ರಯೋಗಾಲಯ ಮೈಸೂರಿನಲ್ಲೇ ಇದೆ, ಪರಂಪರೆ ಉಳಿಸುವ ಸಂಸ್ಥೆ ಇಂಟ್ಯಾಕ್‌ನ ಕನ್ಸರ್ವೇಷನ್ ಕೇಂದ್ರ ಬೆಂಗಳೂರಿನಲ್ಲಿದೆ. ಪತ್ರದ ಜೊತೆ ಮೇಲೆ ಹೇಳಿದ ಕೆಂಪು–ನೀಲಿ ನಕ್ಷೆ ಲಗತ್ತಿಸಿದರೆ ಅವರು ಬರುವಾಗಲೇ ಸಾಮಗ್ರಿ ತರುತ್ತಾರೆ, ಒಂದು ಪ್ರಯಾಣ ಉಳಿಯುತ್ತದೆ.

ಹೊಸಬಿ

ಎಲ್ಲರಿಗೂ ಧನ್ಯವಾದ. ಉಪ್ಪಿನ ಪರೀಕ್ಷೆ ಮಾಡಿದೆ, ಮೀಟರು 79 ತೋರಿಸಿತು. ಅಂದರೆ ಸ್ಟೋರ್ 80ರ ಸುತ್ತ ಇದೆ. ಮೂರು ಸಣ್ಣ ಪ್ರಶ್ನೆ: ನಮ್ಮಲ್ಲಿರುವುದು ನೀಲಿ ಸಿಲಿಕಾ ಜೆಲ್, ಆಗುತ್ತದೆಯೇ? ಶೋಕೇಸಿಗೆ ಎಷ್ಟು ಬೇಕು? ಬಿ-72 ಲೇಪ ಪ್ರಯೋಗಕ್ಕೆ ಗಾಜಿನ ತುಂಡಿನ ಮೇಲೆ ಹಚ್ಚಿದರೆ ಬೆಳ್ಳಗಾಗುತ್ತಿದೆ, ಯಾಕೆ?

ಹತ್ತಿಕಡ್ಡಿ

ನೀಲಿಯಲ್ಲಿ ಕೋಬಾಲ್ಟ್ ಕ್ಲೋರೈಡು ಇದೆ, ಕ್ಯಾನ್ಸರ್ ತರಬಲ್ಲದ್ದು. ಕೆಲಸ ಮಾಡುತ್ತದೆ, ಆದರೆ ಕೈಗವಸು ಹಾಕಿಯೇ ಮುಟ್ಟಿ, ಮುಂದಿನ ಇಂಡೆಂಟಿನಲ್ಲಿ ಕಿತ್ತಳೆ ಬಣ್ಣದ್ದು ಕೇಳಿ. ಒಣಗಿಸಲು 110–120 ಡಿಗ್ರಿ ಓವನ್, ತೂಕ ಇಳಿಯುವುದು ನಿಲ್ಲುವವರೆಗೆ. ಬಣ್ಣಕ್ಕಿಂತ ತಕ್ಕಡಿಯನ್ನು ನಂಬಿ.

ಶೋಕೇಸಿಗೆ ಒಂದು ಘನ ಮೀಟರಿಗೆ 20 ಕೆ.ಜಿ. ಎಂಬ ಹಳೆಯ ಲೆಕ್ಕ ಈಗಲೂ ನಡೆಯುತ್ತದೆ. 1 ಮೀಟರ್ ಉದ್ದ, ಅರ್ಧ ಮೀಟರ್ ಅಗಲ, ಅರ್ಧ ಮೀಟರ್ ಎತ್ತರದ ಗಾಜಿನ ಪೆಟ್ಟಿಗೆ ಕಾಲು ಘನ ಮೀಟರ್, ಅದಕ್ಕೆ 5 ಕೆ.ಜಿ. ದಪ್ಪ ರಾಶಿ ಹಾಕದೆ ತಟ್ಟೆಯಲ್ಲಿ ತೆಳುವಾಗಿ ಹರಡಿ. ತಾಳೆಗರಿಯ ಪೆಟ್ಟಿಗೆಗೆ ಪೂರ್ತಿ ಒಣ ಜೆಲ್ ಇಡಬೇಡಿ, ಗರಿ ಸೀಳುತ್ತದೆ. ಪೆಟ್ಟಿಗೆಯ ಆರ್ದ್ರತೆ ಶೇ. 50ರಲ್ಲಿ ನಿಲ್ಲುವ ಹಾಗೆ ಜೆಲ್ಲನ್ನು ಹದ ಮಾಡಿ ಇಡಬೇಕು. ಗಾಜಿನ ಸಂದಿಗಳಲ್ಲಿ ಗಾಳಿ ನುಗ್ಗುತ್ತಿದ್ದರೆ 50 ಕೆ.ಜಿ. ಇಟ್ಟರೂ ವ್ಯರ್ಥ, ಮೊದಲು ಸಂದಿ ಮುಚ್ಚಿಸಿ.

ಕಿಲುಬು

ಬಿಳುಪಿಗೆ ಕಾರಣ ನಿಮ್ಮ ಆ 80. ಬಿ-72 ಕರಗಿಸಿದ ಅಸಿಟೋನ್ ಥಟ್ಟನೆ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ನೀರು ಲೇಪದೊಳಗೆ ಸಿಕ್ಕಿಬೀಳುತ್ತದೆ. ಹಾಳಾಗಿಲ್ಲ, ಅಸಿಟೋನಿನಿಂದಲೇ ತೆಗೆಯಬಹುದು. ಲೇಪದ ಕೆಲಸವನ್ನು ಆರ್ದ್ರತೆ 55ರ ಕೆಳಗಿರುವ ಕೋಣೆಯಲ್ಲಿ ಮಾಡಿ. ಅದು ಆಗದಿದ್ದರೆ ನಿಧಾನ ಆರುವ ಟಾಲ್ವೀನ್, ಆದರೆ ಅದಕ್ಕೆ ಆವಿ ಎಳೆಯುವ ಹುಡ್ ಮತ್ತು ಸಾವಯವ ಆವಿಯ ಕಾರ್ಟ್ರಿಜ್ ಮಾಸ್ಕ್ ಬೇಕು. ಎನ್-95 ಆವಿ ತಡೆಯುವುದಿಲ್ಲ. ನೈಟ್ರೈಲ್ ಕೈಗವಸೂ ಅಸಿಟೋನಿಗೆ ನಿಮಿಷಗಳಲ್ಲಿ ಸೋಲುತ್ತದೆ, ತೊಟ್ಟಿಕ್ಕಿದೊಡನೆ ಬದಲಿಸಿ. ಅಳತೆ 100 ಮಿ.ಲೀ. ದ್ರಾವಕಕ್ಕೆ 5 ಗ್ರಾಂ ಬಿ-72. ಹರಳುಗಳನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ದ್ರಾವಕದ ಮೇಲ್ಭಾಗದಲ್ಲಿ ತೂಗುಬಿಡಿ, ತಳಕ್ಕೆ ಹಾಕಿದರೆ ಮುದ್ದೆಯಾಗಿ ಕೂರುತ್ತದೆ.

ಇನ್ನೊಂದು: ಬಿ-72 40 ಡಿಗ್ರಿಯ ಸುತ್ತ ಮೆತ್ತಗಾಗುತ್ತದೆ. ಲೇಪ ಹಾಕಿದ ಮೂರ್ತಿಯನ್ನು ಪಶ್ಚಿಮದ ಕಿಟಕಿಯ ಬಿಸಿಲಿಗೂ ಸ್ಪಾಟ್‌ಲೈಟಿನ ಹತ್ತಿರಕ್ಕೂ ಒಯ್ಯಬೇಡಿ, ಧೂಳು ಅಂಟಿ ಕೂತರೆ ಮತ್ತೆ ಮೊದಲಿನಿಂದ ಕಡ್ಡಿ ಹಿಡಿಯಬೇಕಾಗುತ್ತದೆ.